ಆತಿಥೇಯರ ಮನೆಗೆ ಬಂದ ಪತ್ರಿಕೆಗಳು

(ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಆನ್‌ಲೈನ್ ವಂಚನೆ ಬಗ್ಗೆ ಏನಾದರೂ ಹೇಳಿ" ಅಂದರು. ಆ ವಿಷಯದಲ್ಲಿ ಬ್ಯಾಂಕಿನವರು ದಿನಕ್ಕೆ ನಾಲ್ಕು ಮೆಸೇಜ್ ಕಳಿಸ್ತಾರೆ, ನಾನು ಬೇರೆ ಮಾತಾಡ್ತೀನಿ ಅಂದೆ. ದೊಡ್ಡ ದೊಡ್ಡ ಕ್ರೀಡಾಕೂಟ ನಡೆಸುವ ದೇಶಗಳನ್ನು ಪತ್ರಿಕೆಗಳು ಹೇಗೆ ತೋರಿಸುತ್ತವೆ ಅನ್ನುವುದು ವಿಷಯ. ಅವರು ಒಂದು ಕ್ಷಣ ಸುಮ್ಮನಾಗಿ, "ಮಹಿಳಾ ವೇದಿಕೆಯಲ್ಲಾ?" ಅಂದರು. ಹೌದು, ಇಲ್ಲೇ. ಯಾಕೆ ಅಂತ ಹೇಳ್ತೀನಿ.

ನಾನು ಭದ್ರಾವತಿಯವಳು. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ, ಕೆಲಸಕ್ಕಾಗಿ ಟೆಕ್ನೋಪಾರ್ಕಿಗೆ ಬಂದವಳು. ಶ್ರೀಕಾರ್ಯಂನಲ್ಲಿ ಮನೆ. ಅಲ್ಲಿಂದ ಕಾರ್ಯವಟ್ಟಂನ ಗ್ರೀನ್‌ಫೀಲ್ಡ್ ಕ್ರೀಡಾಂಗಣ ಆಟೋದಲ್ಲಿ ಹೋಗುವಷ್ಟು ಹತ್ತಿರ. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು. ಅಲ್ಲಿ ಪಂದ್ಯ ಇದ್ದ ದಿನ ನಮ್ಮ ಜಂಕ್ಷನ್ನಿನಲ್ಲಿ ರಸ್ತೆ ದಾಟುವುದೇ ಒಂದು ಪಂದ್ಯ.

2023ರಲ್ಲಿ ನಮ್ಮ ದೇಶದಲ್ಲಿ ಕ್ರಿಕೆಟ್ ವಿಶ್ವಕಪ್ ನಡೆಯಿತಲ್ಲ, ಅದರ ನಾಲ್ಕು ಅಭ್ಯಾಸ ಪಂದ್ಯಗಳು ಇಲ್ಲಿಗೆ ಬಂದಿದ್ದವು. ಎರಡು ಪಂದ್ಯಗಳಲ್ಲಿ ಒಂದು ಚೆಂಡನ್ನೂ ಹಾಕಲು ಮಳೆ ಬಿಡಲಿಲ್ಲ. ಆಗ ನಮ್ಮ ಊರಿನ ಬಗ್ಗೆ ಎಲ್ಲ ಕಡೆ ಬಂದ ಸುದ್ದಿ ಯಾವುದು ಗೊತ್ತಾ? ದಕ್ಷಿಣ ಆಫ್ರಿಕಾದ ಆಟಗಾರರು 'ತಿರುವನಂತಪುರಂ' ಅಂತ ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡ ವಿಡಿಯೊ. ಕೇಶವ್ ಮಹಾರಾಜ್, ರಬಾಡ ಅಂಥವರು ಸರಿಯಾಗಿಯೇ ಹೇಳಿದರು. ಕ್ಲಾಸೆನ್ ಮಾತ್ರ ಕೊನೆಗೆ 'ಟ್ರಿವೆಂಡ್ರಮ್' ಅಂತ ಕೈಚೆಲ್ಲಿದರು. ನಾನೂ ನಕ್ಕೆ, ಅಮ್ಮನಿಗೂ ಕಳಿಸಿದೆ. ಆದರೆ ನೋಡಿ, ಒಂದು ವಿಶ್ವಕಪ್ ಬಂದು ಹೋದಾಗ ಒಂದು ಊರಿನಿಂದ ಹೊರಗೆ ಹೋಗಿದ್ದು ಮಳೆ ಮತ್ತು ಒಂದು ಉದ್ದನೆಯ ಹೆಸರು. ಅಷ್ಟೇ.

ಅದು ನಗುವ ವಿಷಯವಾಯಿತು. ನಗಲಾಗದ ಇನ್ನೊಂದು, ಅದೇ ವರ್ಷದ ಜನವರಿ 15ರದ್ದು. ಭಾರತ-ಶ್ರೀಲಂಕಾ ಏಕದಿನ ಪಂದ್ಯಕ್ಕೆ ನಾನೂ ಹೋಗಿದ್ದೆ. ಕೊಹ್ಲಿ ಔಟಾಗದೆ 166, ಭಾರತ 390, ಶ್ರೀಲಂಕಾ 73ಕ್ಕೆ ಆಲೌಟ್. 317 ರನ್ನುಗಳ ಗೆಲುವು, ಏಕದಿನ ಕ್ರಿಕೆಟ್ಟಿನಲ್ಲಿ ಅದುವರೆಗಿನ ಅತಿ ದೊಡ್ಡದು. ಆದರೆ ಮಾರನೇ ದಿನದ ಫೋಟೊಗಳಲ್ಲಿ ಎದ್ದು ಕಂಡಿದ್ದು ಖಾಲಿ ಕುರ್ಚಿಗಳು. ಯುವರಾಜ್ ಸಿಂಗ್ ಅವರಂತೂ ಏಕದಿನ ಕ್ರಿಕೆಟ್ ಸಾಯುತ್ತಿದೆಯೇ ಅಂತ ಕೇಳಿದರು. ಬೆಂಗಳೂರಿನ ನನ್ನ ಸಹೋದ್ಯೋಗಿಗಳು, "ನಿಮ್ಮ ಮಲಯಾಳಿಗಳಿಗೆ ಫುಟ್‌ಬಾಲ್ ಬಿಟ್ಟರೆ ಏನೂ ಬೇಡ ಅಲ್ವಾ" ಅಂದರು. ಕುರ್ಚಿಗಳು ಖಾಲಿ ಇದ್ದದ್ದು ಸುಳ್ಳಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಸರಣಿ ಆಗಲೇ ಗೆದ್ದಾಗಿತ್ತು. ಟಿಕೆಟ್ 1,000 ಮತ್ತು 2,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಶೇಕಡಾ 12ಕ್ಕೆ ಏರಿಸಿದ ಮನರಂಜನಾ ತೆರಿಗೆ. ಅದನ್ನು ಕೇಳಿದವರಿಗೆ, ಹಸಿದವರು ಪಂದ್ಯ ನೋಡಲು ಬರಬೇಕಾಗಿಲ್ಲ ಅನ್ನುವ ಅರ್ಥದ ಉತ್ತರ ಕ್ರೀಡಾ ಸಚಿವರಿಂದ ಬಂದಿತ್ತು. ಮಲಯಾಳಂ ಪತ್ರಿಕೆಗಳಲ್ಲಿ ಇದೇ ದೊಡ್ಡ ಸುದ್ದಿ. ಊರು ದಾಟುವ ಹೊತ್ತಿಗೆ ಟಿಕೆಟ್ ದರ ಉದುರಿಹೋಯಿತು, ಖಾಲಿ ಕುರ್ಚಿ ಉಳಿಯಿತು, ಅದರ ಪಕ್ಕದಲ್ಲಿ 'ಮಲಯಾಳಿಗಳ ಸ್ವಭಾವ' ಬಂದು ಕೂತಿತು.

ಕಚೇರಿಯಲ್ಲಿ ನಾನು ಮಾಡುವುದು ಅಂಕಿಅಂಶಗಳ ಕೆಲಸ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸಾಗಿಸುವಾಗ ಮೊದಲು ಕಳೆದುಹೋಗುವುದು ಯಾವಾಗಲೂ ಪಕ್ಕದ ಕಾಲಮ್ಮು. ಯಾವ ಅವಧಿ, ಯಾರನ್ನು ಎಣಿಸಿದ್ದು, ಯಾರನ್ನು ಬಿಟ್ಟಿದ್ದು ಅನ್ನುವುದೆಲ್ಲ ಬಿದ್ದುಹೋಗಿ ಸಂಖ್ಯೆ ಮಾತ್ರ ಬಂದು ತಲುಪುತ್ತದೆ. ಇದನ್ನು ಹೊಸ ಹುಡುಗರಿಗೆ ಪಾಠ ಮಾಡುವವಳು ನಾನು. ಅದೇ ತಪ್ಪನ್ನು ನಾನೇ ಮಾಡಿದ್ದನ್ನು ಈಗ ಹೇಳಬೇಕು.

2022ರ ನವೆಂಬರ್. ಕತಾರ್ ಫುಟ್‌ಬಾಲ್ ವಿಶ್ವಕಪ್ ಶುರುವಾಗಲು ಇನ್ನೂ ಎರಡು ವಾರ. ಕೇರಳದಲ್ಲಿ ಇದ್ದವರಿಗೆ ಆ ದಿನಗಳನ್ನು ವರ್ಣಿಸಬೇಕಾಗಿಲ್ಲ. ಕೋಳಿಕ್ಕೋಡ್ ಹತ್ತಿರ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್ ಅವರ ಆಳೆತ್ತರ ಮೀರಿದ ಕಟೌಟುಗಳು. ಆ ಚಿತ್ರವನ್ನು ಫೀಫಾ ಕೂಡ ಹಂಚಿಕೊಂಡಿತು. ಕೊಚ್ಚಿ ಕಡೆಯ ಮುಂಡಕ್ಕಾಮುಗಳ್ ಎಂಬಲ್ಲಿ 17 ಜನ ಸೇರಿ, ಒಟ್ಟಿಗೆ ಕೂತು ಪಂದ್ಯ ನೋಡುವುದಕ್ಕೆ ಅಂತಲೇ 23 ಲಕ್ಷ ರೂಪಾಯಿ ಕೊಟ್ಟು ಮನೆ ಕೊಂಡರು. ನಮ್ಮ ಶ್ರೀಕಾರ್ಯಂನಲ್ಲೂ ಮೀನಂಗಡಿಯ ಮೇಲೆ ಬ್ರೆಜಿಲ್ ಬಾವುಟ, ಎದುರಿಗೆ ಬೇಕರಿಯ ಮೇಲೆ ಅರ್ಜೆಂಟೀನಾದ್ದು. ಇವರಿಬ್ಬರ ಮಧ್ಯೆ ವ್ಯಾಪಾರ ಹೇಗೆ ನಡೆಯಿತೋ ದೇವರೇ ಬಲ್ಲ.

ಆಗ ನನಗೆ ಯಾರೋ ಒಂದು ಚಿತ್ರ ಕಳಿಸಿದರು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ: ಕತಾರಿನ ಕ್ರೀಡಾಂಗಣಗಳನ್ನು ಕಟ್ಟುವಾಗ ಸತ್ತ ಕಾರ್ಮಿಕರು 6,500, ಈ ವಿಶ್ವಕಪ್ ನೋಡಬೇಡಿ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ಅದೇ ಸಂಜೆ ಪಕ್ಕದ ಮನೆಯ ಚೇಚಿ ಬಾಗಿಲು ತಟ್ಟಿದರು. ಅವರ ಯಜಮಾನರು ದೋಹಾದಲ್ಲಿ ಏಸಿ ಮೆಕ್ಯಾನಿಕ್. ಹನ್ನೆರಡು ವರ್ಷದಿಂದ ಅಲ್ಲೇ ಇದ್ದರು. ಮಗಳು ಆಗ ಏಳನೇ ಕ್ಲಾಸು. ಚೇಚಿ ಜಗಳಕ್ಕೆ ಬಂದವರಲ್ಲ. ಬಾಗಿಲಲ್ಲೇ ನಿಂತು, "ಮೋಳೆ, ನೀನು ಹಾಕಿದ್ದನ್ನ ಅವಳು ಓದಿದಳು. ಮಧ್ಯಾಹ್ನದಿಂದ ಊಟ ಮಾಡಿಲ್ಲ. ಅಚ್ಛನಿಗೆ ಹತ್ತು ಸಲ ಫೋನ್ ಮಾಡಿದಾಳೆ. ಡ್ಯೂಟಿಲಿ ಇದಾರೆ, ಎತ್ತಿಲ್ಲ. ಇದು ನಿಜಾನಾ? ನೀನು ಓದಿದವಳು, ನಿನಗೆ ಗೊತ್ತಿರುತ್ತೆ" ಅಂದರು.

ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಓದಿದೆ. ಸುದ್ದಿಯ ಮೂಲ ಲಂಡನ್ನಿನ 'ದಿ ಗಾರ್ಡಿಯನ್' ಪತ್ರಿಕೆ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿ. ಒಳ್ಳೆಯ ವರದಿ, ಶ್ರಮಪಟ್ಟು ಮಾಡಿದ್ದು. ವಿಶ್ವಕಪ್ ನಡೆಸುವ ಅವಕಾಶ ಕತಾರಿಗೆ ಸಿಕ್ಕಿದ್ದು 2010ರ ಡಿಸೆಂಬರಿನಲ್ಲಿ. ಅಲ್ಲಿಂದ 2020ರವರೆಗೆ ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ ಈ ಐದು ದೇಶಗಳ ಎಷ್ಟು ಜನ ಅಲ್ಲಿ ತೀರಿಕೊಂಡರು ಅಂತ ಆಯಾ ಸರ್ಕಾರಗಳಿಂದ ಲೆಕ್ಕ ತರಿಸಿ ಕೂಡಿಸಿದ್ದರು. ಭಾರತದವರೇ 2,711. ಅದರಲ್ಲಿ ಕ್ರೀಡಾಂಗಣದ ಕೂಲಿಯೂ ಇರಬಹುದು, ಹೋಟೆಲಿನ ಅಡುಗೆಯವರೂ ಇರಬಹುದು, ರಸ್ತೆ ಅಪಘಾತವೂ ಇರಬಹುದು. ಕ್ರೀಡಾಂಗಣಗಳ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟ ಸಾವು 37, ಅದರಲ್ಲೂ 34 'ಕೆಲಸಕ್ಕೆ ಸಂಬಂಧವಿಲ್ಲದ್ದು' ಎಂದು ದಾಖಲಾಗಿದೆ ಅಂತ ಅದೇ ವರದಿಯ ಒಳಗೆ ಬರೆದಿತ್ತು. 'ವಿಶ್ವಕಪ್ ಸಿಕ್ಕಿದ ಮೇಲೆ ಸತ್ತವರು' ಅಂತ ಹೊರಟಿದ್ದು ನನ್ನ ಮೊಬೈಲಿಗೆ ಬರುವಾಗ 'ಕ್ರೀಡಾಂಗಣ ಕಟ್ಟುವಾಗ ಸತ್ತವರು' ಆಗಿತ್ತು. ಪಕ್ಕದ ಕಾಲಮ್ಮು ಬಿದ್ದುಹೋಗಿತ್ತು.

ಹಾಗಾದರೆ ಎಲ್ಲಾ ಸುಳ್ಳು, ಕತಾರ್ ಒಳ್ಳೆಯದು ಅಂತ ನಿಟ್ಟುಸಿರು ಬಿಡಬಹುದಾ? ಅದೂ ಆಗಲಿಲ್ಲ. ಕೆಲವರು ಲೆಕ್ಕ ಹಾಕಿ ತೋರಿಸುತ್ತಿದ್ದರು: ಅಲ್ಲಿ ಭಾರತೀಯರೇ ಸುಮಾರು 7 ಲಕ್ಷ, ಹತ್ತು ವರ್ಷಕ್ಕೆ 2,711 ಅಂದರೆ ಹೆಚ್ಚೇನಲ್ಲ, ಅಂತ. ಈ ಭಾಗಾಕಾರ ಕಚೇರಿಯಲ್ಲಿ ಯಾರಾದರೂ ತಂದಿದ್ದರೆ ವಾಪಸು ಕಳಿಸುತ್ತಿದ್ದೆ. ಆ 7 ಲಕ್ಷದಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು, ವೈದ್ಯಕೀಯ ತಪಾಸಣೆಯಲ್ಲಿ ಪಾಸಾದ ಮೇಲೆಯೇ ವಿಮಾನ ಹತ್ತಿದವರು. ಅವರನ್ನು ಅಜ್ಜ-ಅಜ್ಜಿ, ಹಸುಗೂಸು ಎಲ್ಲ ಇರುವ ಊರಿಗೆ ಹೋಲಿಸುವ ಹಾಗಿಲ್ಲ. ಜೊತೆಗೆ ಭಾರತೀಯರ ಸಾವುಗಳಲ್ಲಿ ನೂರಕ್ಕೆ 80ರಷ್ಟು 'ಸಹಜ ಕಾರಣ' ಅಂತ ಬರೆದು ಮುಗಿಸಿದ್ದರು, ಎಷ್ಟೋ ಕಡೆ ಮರಣೋತ್ತರ ಪರೀಕ್ಷೆಯೂ ಇಲ್ಲದೆ. ಅಷ್ಟು ಜನ ಗಟ್ಟಿ ಆಳುಗಳಿಗೆ ರಾತ್ರಿ ಮಲಗಿದವರಿಗೆ ಬೆಳಗ್ಗೆ ಸಹಜವಾಗಿ ಹೃದಯ ನಿಲ್ಲುತ್ತದೆಯೇ? 2020 ಒಂದೇ ವರ್ಷದಲ್ಲಿ ಕೆಲಸದ ಜಾಗದಲ್ಲಿ 50 ಸಾವು, 500ಕ್ಕೂ ಹೆಚ್ಚು ಗಂಭೀರ ಗಾಯ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿತು. ಸ್ಪರ್ಧೆ ಅರ್ಧ ಮುಗಿದ ಮೇಲೆ ಕತಾರಿನ ಮುಖ್ಯ ಸಂಘಟಕ ಹಸನ್ ಅಲ್-ತವಾದಿ ಅವರೇ ಒಂದು ಸಂದರ್ಶನದಲ್ಲಿ, ವಿಶ್ವಕಪ್ ಸಂಬಂಧಿ ಕಾಮಗಾರಿಗಳಲ್ಲಿ ಸತ್ತವರು 400ರಿಂದ 500 ಇರಬಹುದು ಅಂದರು. ಮೂರು, ಮೂವತ್ತೇಳು, ನಾನೂರು, ಆರು ಸಾವಿರ. ಎಣಿಸಬೇಕಾದವರು ಸರಿಯಾಗಿ ಎಣಿಸಲೇ ಇಲ್ಲ ಅನ್ನುವುದು ನನಗೆ ಅರ್ಥವಾದ ಒಂದೇ ಸಂಗತಿ.

ಆ ರಾತ್ರಿ ತಿಳಿದಷ್ಟನ್ನು ಮಾರನೇ ದಿನ ಚೇಚಿಗೆ ನನ್ನ ಹರಕು ಮಲಯಾಳಂನಲ್ಲಿ ಹೇಳಿದೆ. ಗುಂಪಿನಲ್ಲಿ ತಿದ್ದುಪಡಿಯನ್ನೂ ಹಾಕಿದೆ. ಮೊದಲಿನದಕ್ಕೆ ಬಂದಿದ್ದ ಕಣ್ಣೀರಿನ ಇಮೋಜಿಗಳು ಹದಿನೆಂಟು. ತಿದ್ದುಪಡಿಗೆ ಒಂದು ಹೆಬ್ಬೆರಳು. ಅದು ಚೇಚಿಯದ್ದೇ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಆನ್‌ಲೈನ್ ವಂಚನೆ ಬಗ್ಗೆಯೇ ಮಾತಾಡುತ್ತಿದ್ದೆ. ಪಂದ್ಯಾವಳಿ ಶುರುವಾಗುವ ಮುಂಚಿನ ವಾರ ದೋಹಾದ ಸಮುದ್ರ ದಂಡೆಯಲ್ಲಿ ಮೆರವಣಿಗೆಗಳು ನಡೆದವು. ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಅಂಗಿ ತೊಟ್ಟು, ಚೆಂಡೆ-ಡೋಲು ಬಾರಿಸುತ್ತಾ ಸಾವಿರಾರು ಜನ. ಹೆಚ್ಚಿನವರು ನಮ್ಮ ದಕ್ಷಿಣ ಏಷ್ಯಾದವರು, ಅದರಲ್ಲೂ ಮಲಯಾಳಿಗಳೇ ಬಹಳ. ವಿಡಿಯೊ ಹರಡಿತು. ಯುರೋಪಿನ ಸಾಮಾಜಿಕ ಜಾಲತಾಣಗಳು, ಅವನ್ನು ನೋಡಿ ಕೆಲವು ಪತ್ರಿಕೆಗಳು ಕೇಳಿದ್ದು ಒಂದೇ: ಇವರು ನಕಲಿ ಅಭಿಮಾನಿಗಳಾ? ದುಡ್ಡು ಕೊಟ್ಟು ಕರೆಸಿದ್ದಾ?

ಆ ಅರ್ಜೆಂಟೀನಾ ಗುಂಪಿನಲ್ಲಿ ಚೇಚಿಯ ಯಜಮಾನರೂ ಇದ್ದರು.

ಸಂಶಯಕ್ಕೆ ಆಧಾರವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಬೇರೆ ಬೇರೆ ದೇಶಗಳ ಕೆಲವು ಅಭಿಮಾನಿಗಳಿಗೆ ಕತಾರಿನವರು ವಿಮಾನದ ಟಿಕೆಟ್ಟು, ವಸತಿ ಕೊಟ್ಟು, ನಮ್ಮ ಬಗ್ಗೆ ಒಳ್ಳೆಯದು ಬರೆಯಿರಿ ಅಂತ ಕರೆಸಿಕೊಂಡದ್ದು ವರದಿಯಾಗಿತ್ತು. ಹಾಗೆ ಹೋದವರಲ್ಲಿ ಯುರೋಪಿನವರೂ ಇದ್ದರು. ಆದರೆ ನಕಲಿ ಅನ್ನಿಸಿಕೊಂಡವರು ಕಂದು ಬಣ್ಣದವರು. ಮೂರು ದಶಕದಿಂದ ಊರಿನ ಕ್ಲಬ್ಬಿನ ಟಿವಿ ಮುಂದೆ ರಾತ್ರಿ ಎರಡು ಗಂಟೆಗೆ ಕೂತು ಮರಡೋನಾಗಾಗಿ ಅತ್ತವರು. ಮರಡೋನಾ 2012ರಲ್ಲಿ ಕಣ್ಣೂರಿಗೆ ಬಂದಾಗ ಮೈದಾನಕ್ಕೆ ಮುಗಿಬಿದ್ದ ಜನ ಇವರದೇ ಪೈಕಿ. ಫೀಫಾ ಅಧ್ಯಕ್ಷ ಇನ್ಫಾಂಟಿನೊ ನವೆಂಬರ್ 19ರ ಪತ್ರಿಕಾಗೋಷ್ಠಿಯಲ್ಲಿ, ಭಾರತೀಯನಂತೆ ಕಾಣುವವನು ಇಂಗ್ಲೆಂಡಿಗೆ ಜೈ ಅನ್ನಬಾರದಾ, ಇದು ಜನಾಂಗೀಯ ಭೇದ ಅಂದರು. ಆ ದಿನ ಅವರು ಆಡಿದ ಉಳಿದ ಮಾತುಗಳು, ನಾನೇ ವಲಸೆ ಕಾರ್ಮಿಕ ಅನ್ನಿಸುತ್ತಿದೆ ಅನ್ನುವುದೆಲ್ಲ, ನನಗಂತೂ ನಾಟಕ ಅನ್ನಿಸಿತು. ಈ ಒಂದು ಮಾತು ಮಾತ್ರ ಸರಿ ಇತ್ತು.

ಚೇಚಿಯ ಮಗಳು ಆ ವಿಡಿಯೊ ನೋಡಿ, ಕೆಳಗಿನ ಟಿಪ್ಪಣಿಗಳನ್ನೂ ಓದಿ, ನನ್ನ ಹತ್ತಿರವೇ ಬಂದಳು. "ಆಂಟಿ, ಅಚ್ಛನಿಗೆ ಯಾರು ದುಡ್ಡು ಕೊಟ್ಟರು? ಆ ಅಂಗಿ ಅವರೇ ಕೊಂಡಿದ್ದು. ಹೋದ ಸಲ ಬಂದಾಗ ಚಾಲೈ ಬಜಾರಿನಲ್ಲಿ ನಾನೇ ಆರಿಸಿದ್ದು." ಅವಳಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಎರಡೇ ವಾರದಲ್ಲಿ ಅವಳ ಅಪ್ಪ ಎರಡು ಸಲ ಪ್ರಪಂಚದ ಸುದ್ದಿಗೆ ಬಂದಿದ್ದರು. ಸತ್ತವರ ಲೆಕ್ಕದಲ್ಲಿ ಸೇರುವಾಗ ಅವರ ಮೇಲೆ ಎಲ್ಲರಿಗೂ ಕರುಣೆ. ಬದುಕಿದ್ದು, ತಮ್ಮದೇ ದುಡ್ಡಿನ ಅಂಗಿ ಹಾಕಿ, ರಜೆಯ ದಿನ ಕುಣಿದಾಗ ನಕಲಿ. ಆತಿಥೇಯ ದೇಶ ಅಂದರೆ ಅಲ್ಲಿನ ಅರಸ, ಅವನ ದುಡ್ಡು, ಅವನ ಅಪರಾಧ ಅಂತ ಮೊದಲೇ ತೀರ್ಮಾನಿಸಿಕೊಂಡ ಕ್ಯಾಮೆರಾಕ್ಕೆ ಈ ಮನುಷ್ಯನನ್ನು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲಿಲ್ಲ. ಕತಾರಿನ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನವರೇ. ಹಾಗಾದರೆ ಆತಿಥೇಯರು ಯಾರು? ಕ್ರೀಡಾಂಗಣದ ಏಸಿ ಓಡಿಸಿದವರು, ಬಸ್ ಓಡಿಸಿದವರು, ಹೋಟೆಲಿನಲ್ಲಿ ಹಾಸಿಗೆ ಹಾಸಿದವರು. ಅದರಲ್ಲಿ ನಮ್ಮ ಮಂಗಳೂರು, ಉಡುಪಿ, ಭಟ್ಕಳದವರೂ ಇದ್ದಾರೆ ಅನ್ನುವುದು ಈ ಸಭೆಗೆ ಹೊಸದಲ್ಲ.

ಪತ್ರಿಕೆಗಳನ್ನು ಬೈದು ಕೂರುವುದು ಸುಲಭ. ಆದರೆ ಅದಕ್ಕೆ ಚೇಚಿಯ ಯಜಮಾನರೇ ಒಪ್ಪಲಿಲ್ಲ. ರಜೆಗೆ ಬಂದಾಗ ಒಂದು ಸಂಜೆ ಕಪ್ಪ-ಮೀನು ಸಾರಿನ ಮುಂದೆ ಕೂತು ಹೇಳಿದರು. 2018ರಲ್ಲಿ ಅವರ ಆಗಿನ ಕಂಪನಿ ಮೂರು ತಿಂಗಳು ಸಂಬಳ ಕೊಟ್ಟಿರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದರೂ, ಮಾಲೀಕ ಎನ್‌ಒಸಿ ಬರೆದುಕೊಡದೆ ಕದಲುವ ಹಾಗಿಲ್ಲ. ಅದನ್ನು ತೆಗೆದುಹಾಕುವ ಕಾನೂನು ಬಂದಿದ್ದು 2020ರಲ್ಲಿ, ಮರುವರ್ಷ 1,000 ರಿಯಾಲ್ ಕನಿಷ್ಠ ವೇತನ. "ವಿಶ್ವಕಪ್ ಬರದೇ ಇದ್ದರೆ ಆ ಸಾಯಿಪ್ಪುಗಳು ನಮ್ಮ ಕ್ಯಾಂಪಿಗೆ ಕ್ಯಾಮೆರಾ ತರುತ್ತಿದ್ದರಾ? ಅವರು ಬರೆದರು, ಇವರಿಗೆ ನಾಚಿಕೆ ಆಯ್ತು, ನನಗೆ ಕೆಲಸ ಬದಲಾಯಿಸಲಿಕ್ಕೆ ಆಯ್ತು. ಬೈದುಕೊಳ್ಳಲಿ ಬಿಡಿ" ಅಂದರು. ಆಮೇಲೆ, "ಆದರೆ ಫೈನಲ್ ಮುಗಿದ ಮೇಲೆ ಒಬ್ಬರೂ ಬಂದಿಲ್ಲ" ಅಂತ ಸೇರಿಸಿದರು. ಸಂಬಳ ಬಾಕಿ ಉಳಿಸಿಕೊಳ್ಳುವವರು ಈಗಲೂ ಇದ್ದಾರಂತೆ.

ಇಲ್ಲಿನ ಪತ್ರಿಕೆಗಳಲ್ಲಿ ಆಗ ನಾನು ಓದಿದ್ದು ಬೇರೆಯೇ ಕತಾರ್. ಹೊಳೆಯುವ ಮೆಟ್ರೋ, ಮಲಯಾಳಿ ಸ್ವಯಂಸೇವಕರ ನಗುಮುಖ, ಗಲ್ಫಿಗೆ ಹೋಗಿ ಮೆಸ್ಸಿಯನ್ನು ನೋಡಿ ಬಂದವರ ಅನುಭವ. ಅದೂ ನಿಜವೇ. ಪ್ರತಿ ಬೀದಿಗೂ ಗಲ್ಫಿನಿಂದ ದುಡ್ಡು ಬರುವ ಊರಿನಲ್ಲಿ, ಆ ಮನೆಗಳಿಗೆ ಬೆಳಗ್ಗೆ ಹೋಗುವ ಪತ್ರಿಕೆ ಶವಪೆಟ್ಟಿಗೆಯ ಸುದ್ದಿಯನ್ನು ಮುಖಪುಟದಲ್ಲಿ ಹಾಕಲು ಹಿಂದೆ ಮುಂದೆ ನೋಡುತ್ತದೆ. ಓದುಗರು ಎಲ್ಲಿ ಕೂತಿದ್ದಾರೋ ಅಲ್ಲಿಂದ ಕಾಣುವ ಆತಿಥೇಯರನ್ನೇ ಪತ್ರಿಕೆ ಬರೆಯುತ್ತದೆ.

ಇದೇ ವಿಷಯ ನಮ್ಮ ಮನೆಗೇ ಬಂದದ್ದು 2010ರಲ್ಲಿ, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ. ನಾನಾಗ ಬಿ.ಇ. ಹಾಸ್ಟೆಲಿನಲ್ಲಿದ್ದೆ. ಕ್ರೀಡಾಗ್ರಾಮದ ಗಲೀಜು ಬಚ್ಚಲುಗಳ ಫೋಟೊಗಳನ್ನು ವಿದೇಶಿ ಮಾಧ್ಯಮಗಳು ತೋರಿಸಿದವು. ಸೆಪ್ಟೆಂಬರ್ 21ರಂದು ನೆಹರೂ ಕ್ರೀಡಾಂಗಣದ ಹತ್ತಿರ ಪಾದಚಾರಿ ಸೇತುವೆ ಬಿತ್ತು. ಸಂಘಟಕರಲ್ಲಿ ಒಬ್ಬರು, ಸ್ವಚ್ಛತೆಯ ಬಗ್ಗೆ ಅವರ ಕಲ್ಪನೆ ಬೇರೆ, ನಮ್ಮದು ಬೇರೆ ಅಂದುಬಿಟ್ಟರು. ನಮಗೆಲ್ಲ ಕೋಪ ಬಂದಿದ್ದು ಫೋಟೊ ತೆಗೆದವರ ಮೇಲೆ. ಅಕ್ಟೋಬರ್ 12ರಂದು 4x400 ರಿಲೇಯಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮತ್ತು ಈ ಕೇರಳದ ಸಿನಿ ಜೋಸ್, ಮಂಜಿತ್ ಮತ್ತು ಮನದೀಪ್ ಕೌರ್ ಅವರ ಜೊತೆ ಓಡಿ ಚಿನ್ನ ಗೆದ್ದಾಗ ಹಾಸ್ಟೆಲಿನ ಟಿವಿ ಕೋಣೆಯಲ್ಲಿ ಬೆಂಚು ಮುರಿಯುವ ಹಾಗೆ ಕುಣಿದೆವು. ಬರೆಯಲಿ ಈಗ ಬಚ್ಚಲಿನ ಬಗ್ಗೆ, ಅಂತ. ಆ ಕ್ರೀಡಾಂಗಣಗಳನ್ನು ಕಟ್ಟಿದ ಕೂಲಿಗಳ ಸ್ಥಿತಿ ನೋಡಲು ದೆಹಲಿ ಹೈಕೋರ್ಟೇ ಅದೇ ವರ್ಷ ಒಂದು ಸಮಿತಿ ಮಾಡಿತ್ತು ಅನ್ನುವುದು ನನಗೆ ತಿಳಿದಿದ್ದು ಹನ್ನೆರಡು ವರ್ಷ ಆದ ಮೇಲೆ, ಕತಾರಿನ ಲೆಕ್ಕ ಹುಡುಕುವಾಗ. ಹಾಸ್ಟೆಲಿನಲ್ಲಿ ನಾವು ದಿನಾ ಎರಡು ಪೇಪರ್ ಓದುತ್ತಿದ್ದೆವು. ಅದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಹೋದ ವರ್ಷ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ನಮ್ಮ ಕನ್ನಡ ಪತ್ರಿಕೆಗಳು ಒಬ್ಬೊಬ್ಬರ ಫೋಟೊ, ಊರು, ಮನೆಯವರ ಗೋಳು ಎಲ್ಲ ಬರೆದವು. ಅಮ್ಮ ಭದ್ರಾವತಿಯಿಂದ ಫೋನಿನಲ್ಲಿ ಅವರ ಹೆಸರುಗಳನ್ನು ಸ್ವಂತದವರ ಹಾಗೆ ಹೇಳುತ್ತಿದ್ದರು. ಹನ್ನೊಂದು ಎಂಬುದು ಸಂಖ್ಯೆಯಾಗಿ ಉಳಿಯಲಿಲ್ಲ. ಆ ಘಟನೆಯ ನಂತರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ಹೋದವು. ನಮ್ಮ ಕಾರ್ಯವಟ್ಟಂಗೆ ಬರಬಹುದು ಅಂತ ಇಲ್ಲಿ ಕೆಲವು ದಿನ ಸುದ್ದಿ. ಕೊನೆಗೆ ನವಿ ಮುಂಬೈ ಪಾಲಾಯಿತು. ನವೆಂಬರ್ 2ರಂದು ನಮ್ಮ ಹುಡುಗಿಯರು ಕಪ್ ಗೆದ್ದದ್ದು ಅಲ್ಲೇ. ಅದೇ ತಿಂಗಳ ಕೊನೆಯಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿತು. ಇನ್ನು ಕ್ಯಾಮೆರಾಗಳು ನಮ್ಮ ಕಡೆ ತಿರುಗುತ್ತವೆ. ಬಚ್ಚಲಿನ ಫೋಟೊವೂ ಬರುತ್ತದೆ, ನೋಡ್ತಾ ಇರಿ. ಕೋಪ ಮಾಡಿಕೊಳ್ಳುವ ಮುಂಚೆ, ಕಾಮಗಾರಿಯಲ್ಲಿ ಗಾಯಗೊಂಡವರ ಲೆಕ್ಕ ಯಾರು ಇಡುತ್ತಿದ್ದಾರೆ ಅಂತ ಈ ಸಲ ನಾನು ಮೊದಲು ಕೇಳಬೇಕು ಅಂದುಕೊಂಡಿದ್ದೇನೆ.

ವಿಶ್ವಕಪ್ ತಪ್ಪಿದರೂ, ಡಿಸೆಂಬರಿನಲ್ಲಿ ಶ್ರೀಲಂಕಾ ಮಹಿಳೆಯರ ವಿರುದ್ಧದ ಮೂರು ಟಿ20 ಪಂದ್ಯಗಳು ಗ್ರೀನ್‌ಫೀಲ್ಡಿಗೆ ಬಂದವು. 28ರ ಪಂದ್ಯಕ್ಕೆ ಚೇಚಿಯ ಮಗಳನ್ನು ಕರೆದುಕೊಂಡು ಹೋದೆ. ಈಗ ಹತ್ತನೇ ಕ್ಲಾಸು. ಪರೀಕ್ಷೆ ಹತ್ತಿರ ಬಂತು ಅಂತ ಚೇಚಿ ಗೊಣಗುತ್ತಲೇ ಕಳಿಸಿದರು. ಸ್ಮೃತಿ ಮಂಧಾನ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 10,000 ರನ್ ದಾಟಿದ್ದು ಅವತ್ತೇ, ನಮ್ಮ ಕಣ್ಣೆದುರಿಗೇ. ಹುಡುಗಿ ನೀಲಿ ಅಂಗಿ ಹಾಕಿ, ಕೆನ್ನೆಗೆ ಬಣ್ಣ ಬಳಿದುಕೊಂಡು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಮಧ್ಯದಲ್ಲಿ ದೋಹಾದಿಂದ ವಿಡಿಯೊ ಕಾಲ್ ಬಂತು. ಅವಳು ಫೋನನ್ನು ಮೈದಾನದ ಕಡೆ, ಆಮೇಲೆ ತನ್ನ ಕಡೆ ತಿರುಗಿಸಿ ತೋರಿಸಿದಳು. ಅಪ್ಪ ಅವಳ ಅವತಾರ ನೋಡಿ ಕೇಳಿದ್ದು ಒಂದೇ:

"ಎತ್ರ ಕಿಟ್ಟಿ?" ಎಷ್ಟು ಸಿಕ್ಕಿತು, ಅಂತ.

ಅವಳು ಕೈಯಲ್ಲಿದ್ದುದನ್ನು ಮೇಲೆತ್ತಿ ಹಿಡಿದು, "ಒಂದು ಮೊಟ್ಟೆ ಪಫ್ಸ್. ಆಂಟಿ ಕೊಡಿಸಿದ್ದು" ಅಂದಳು.